ಭಾನುವಾರದ ಹಾಜರಿ

ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಶಿಡ್ಲಘಟ್ಟದ ನಮ್ಮ ಸಣ್ಣ ಚರ್ಚಿನ ಕಾರ್ಯದರ್ಶಿ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾಗಿದ್ದೆ. ಮನೆಯಲ್ಲಿ ಸುಮ್ಮನೆ ಕೂತಿರುವವಳು ಬರೆಯಲಿ ಎಂದು ಸಮಿತಿಯ ಗಂಡಸರು ತೀರ್ಮಾನಿಸಿದರು. ತೀರ್ಮಾನಿಸುವುದು ಅವರು, ಬರೆಯುವುದು ನಾನು. ಏನು ಹೇಳಿದರೂ ಬಾಯಿ ಮುಚ್ಚಿಕೊಂಡು ಬರೆದುಕೊಟ್ಟೆನಲ್ಲ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮಲ್ಲೊಂದು ನಿಯಮವಿದೆ. ತಿಂಗಳ ಮೊದಲ ಭಾನುವಾರ ಪ್ರಭು ಭೋಜನ, ಅಂದರೆ ಎಲ್ಲರೂ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಆರಾಧನೆ. ಬಂದವರ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕಬೇಕು. ಕಾರಣ ತಿಳಿಸದೆ ಆರು ತಿಂಗಳು ತಪ್ಪಿಸಿಕೊಂಡರೆ ಕುಟುಂಬದ ಹೆಸರನ್ನೇ ಪಟ್ಟಿಯಿಂದ ತೆಗೆಯುತ್ತಾರೆ. ಪಟ್ಟಿಯಲ್ಲಿಲ್ಲದ ಮನೆಯ ಮದುವೆ ನಮ್ಮ ಚರ್ಚಿನಲ್ಲಿ ನಡೆಯುವುದಿಲ್ಲ. ದೇವರು ಇಂಥ ಪುಸ್ತಕ ಇಟ್ಟಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ನಾವಂತೂ ರಟ್ಟು ಹಾಕಿಸಿ ಇಟ್ಟುಕೊಂಡಿದ್ದೇವೆ.

ಹೋದ ವರ್ಷ ಸಮಿತಿಯ ಹಿರಿಯ ಸದಸ್ಯನೊಬ್ಬ ಆ ಪುಸ್ತಕ ತಿರುವಿ ಒಂದು ಹೆಸರಿನ ಮೇಲೆ ಬೆರಳಿಟ್ಟ. ಮಗಳೊಬ್ಬಳೇ ಇರುವ ವಿಧವೆ, ಊರಿನ ಒಂದು ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುವವಳು. ಆರು ತಿಂಗಳಿಂದ ಪ್ರಭು ಭೋಜನಕ್ಕೆ ಬಂದಿಲ್ಲ. ಇವರಿಗೆಲ್ಲ ದೇವರ ಭಯ ಕಮ್ಮಿಯಾಗಿದೆ ಎಂದು ಅವನು ನಿಟ್ಟುಸಿರಿಟ್ಟ. ಉಳಿದವರು ತಲೆಯಾಡಿಸಿದರು. ನಾನು ನೋಟೀಸು ಬರೆದೆ. ದುಂಡಗೇ ಬರೆದೆ. ಕೆಳಗೆ ಅವನು ಸಹಿ ಹಾಕಿದ.

ಎರಡು ದಿನ ಬಿಟ್ಟು ಆ ಹೆಂಗಸು ಕೆಲಸ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದಳು. ಬೇಯಿಸಿದ ಹುಳುವಿನ ವಾಸನೆ ಅವಳಿಗಿಂತ ಮುಂಚೆ ಒಳಗೆ ಬಂತು. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಟ್ಟೆ ಒದ್ದೆಯಿದೆ ಎಂದಳು. ನೋಟೀಸು ಹಿಡಿದಿದ್ದ ಬೆರಳುಗಳು ಬಿಳುಚಿಕೊಂಡು, ತುದಿಯಲ್ಲಿ ಚರ್ಮ ಎದ್ದಿತ್ತು. ಮಗಳಿಗೆ ಗೌರಿಬಿದನೂರಿನ ಗಾರ್ಮೆಂಟ್ಸಿನಲ್ಲಿ ಕೆಲಸ, ಚಿಂತಾಮಣಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿದೆ. ಗಂಡಿನ ಕಡೆಯವರು ಹೆಣ್ಣಿನ ಊರಿನ ಚರ್ಚಿನಲ್ಲೇ ಮದುವೆಯಾಗಬೇಕು ಎಂದಿದ್ದಾರೆ. ಅದಕ್ಕೆ ಮೊದಲು ಮೂರು ಭಾನುವಾರ ಆರಾಧನೆಯಲ್ಲಿ ಮದುವೆ ಪ್ರಕಟಣೆ ಓದಬೇಕು. ಹೆಸರೇ ಹೋದರೆ ಏನು ಓದುತ್ತಾರೆ?

ಭಾನುವಾರ ಯಾಕೆ ಬರುವುದಿಲ್ಲ ಎಂದು ಮೇಷ್ಟ್ರಗಿತ್ತಿಯ ದನಿಯಲ್ಲೇ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಸಹಿ ಹಾಕೌರಲ್ಲ, ಅವರ ಫಿಲೇಚರ್‌ನಾಗೇ ನಾನು ಕೆಲ್ಸ ಮಾಡೋದು ಟೀಚರಮ್ಮಾ. ಭಾನುವಾರಾನೂ ತೊಟ್ಟಿ ಮುಂದೆ ಕೂರ್ಬೇಕು. ಬರಲ್ಲ ಅಂದ್ರೆ ಸೋಮವಾರದಿಂದ ಬರ್ಬೇಡ ಅಂತಾರೆ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಊರಿಗೆಲ್ಲ ಗೊತ್ತಿದ್ದ ಸಂಗತಿ, ಬರೆಯುವಾಗ ನನಗೊಬ್ಬಳಿಗೆ ಹೊಳೆದಿರಲಿಲ್ಲ. ಅವನು ಆರಾಧನೆಗೆ ಮೊದಲ ಸಾಲಿನಲ್ಲಿ ಕೂರುವವನು, ಪ್ರಭು ಭೋಜನದ ದಿನ ಹತ್ತು ಆಜ್ಞೆಗಳನ್ನು ಗಟ್ಟಿ ದನಿಯಲ್ಲಿ ಓದುವವನು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುವ ಗಾದೆ ನಮ್ಮವರನ್ನು ನೋಡಿಯೇ ಹುಟ್ಟಿರಬೇಕು.

ಹೋಗುವಾಗ ಬಾಗಿಲಲ್ಲಿ ನಿಂತು ಅವಳು ಇನ್ನೊಂದು ಮಾತು ಹೇಳಿದಳು. "ವಾರಕ್ಕೊಂದಿನ ಅಲ್ಲಿ ಯಾರಿಗೂ ಕೆಲ್ಸ ಇಲ್ಲ ಅಂತ ಒಂದು ಮಾತು ಹೇಳ್ಸಿ ಟೀಚರಮ್ಮಾ." ಆಗಲಿ ಎಂದೆ. ಆದರೆ ನನ್ನ ತಲೆಯಲ್ಲಿ ಮದುವೆ ಪ್ರಕಟಣೆಯೊಂದೇ ತಿರುಗುತ್ತಿತ್ತು.

ಮರುದಿನ ಫಿಲೇಚರಿಗೆ ಹೋದೆ. ಹಬೆಯಲ್ಲಿ ಯಾರ ಮುಖವೂ ಸರಿಯಾಗಿ ಕಾಣದು. ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಲು ಬೆರಳನ್ನು ಬಿಸಿನೀರಿಗೇ ಇಳಿಸಬೇಕು. ನಮ್ಮವಳ ಪಕ್ಕದ ತೊಟ್ಟಿಯಲ್ಲಿ ವಯಸ್ಸಾದ ಮುಸ್ಲಿಂ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಆಕೆ ಕಾಲಿನಿಂದಲೇ ಒಂದು ಸ್ಟೂಲು ನನ್ನ ಕಡೆ ತಳ್ಳಿ, ಕೆಲಸ ಮುಂದುವರಿಸಿದಳು.

ಮಾಲೀಕ ಒಂದು ಕಾಲಕ್ಕೆ ನನ್ನ ಕೈಯಲ್ಲೇ ಓದಿದವನು. ಟೀ ತರಿಸಿದ. ನಮ್ಮವಳಿಗೆ ಭಾನುವಾರ ರಜೆ ಕೊಡಲು ಏನು ಕಷ್ಟ ಎಂದು ಕೇಳಿದೆ.

"ಗೂಡಿಗೆ ಭಾನುವಾರ ಅಂತ ಗೊತ್ತಾಗುತ್ತಾ ಟೀಚರ್? ಚಿಟ್ಟೆ ಆಗಿ ತೂತು ಮಾಡ್ಕೊಂಡು ಬಂದ್ಬಿಟ್ರೆ ನೂಲು ಎಲ್ಲಿಂದ ತೆಗೀಲಿ?"

ನಾನು ಹುಟ್ಟಿದ್ದು ಸಾದಲಿಯ ಹತ್ತಿರ, ಹುಳು ಸಾಕುವ ಮನೆಯಲ್ಲಿ. ಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸಿಟ್ಟರೆ ಹುಳು ಸಾಯುತ್ತದೆ, ಗೂಡು ಒಂದು ದಿನವಲ್ಲ ಒಂದು ತಿಂಗಳು ಬೇಕಾದರೂ ಕಾಯುತ್ತದೆ. ಒಣಗಿಸುವ ಕೋಣೆ ಅವನ ಬೆನ್ನ ಹಿಂದೆಯೇ ಇತ್ತು. ಅದನ್ನು ತೋರಿಸಿದೆ. ಅವನು ನಕ್ಕು, ವ್ಯಾಪಾರ ಬೇರೆ ವಿಶ್ವಾಸ ಬೇರೆ, ಎರಡನ್ನೂ ಕಲಸಬಾರದು ಎಂದ. ಕಲಸಿದವನು ತಾನೇ ಎಂಬುದು ಅವನ ಬುದ್ಧಿಗೆ ಹೋಗಲೇ ಇಲ್ಲ. ಟೀ ಹಾಗೇ ಬಿಟ್ಟು ಬಂದೆ.

ಅಲ್ಲಿಂದ ಅಯ್ಯನವರ ಹತ್ತಿರ, ಅಂದರೆ ನಮ್ಮ ಪಾದ್ರಿಗಳ ಹತ್ತಿರ, ಹೋದೆ. ಒಳ್ಳೆಯ ಮನುಷ್ಯ, ಯಾರನ್ನೂ ನೋಯಿಸಲಾರರು. ಅದರಲ್ಲೂ ಚರ್ಚಿಗೆ ಹೊಸ ಚಾವಣಿ ಹಾಕಿಸಿಕೊಟ್ಟವರನ್ನು. ಈ ವಿಷಯವನ್ನು ಪ್ರಾರ್ಥನೆಯಲ್ಲಿಡೋಣ ಎಂದರು. ಪ್ರಾರ್ಥನೆಯಲ್ಲಿ ನನಗೂ ನಂಬಿಕೆಯಿದೆ. ಆದರೆ ಮನುಷ್ಯ ಒಂದು ಮಾತಿನಲ್ಲಿ ಮುಗಿಸಬಹುದಾದ ಕೆಲಸವನ್ನು ದೇವರ ತಲೆಗೆ ಕಟ್ಟುವುದನ್ನು ಕಂಡರೆ ನನಗೆ ರೇಗುತ್ತದೆ. ಯೇಸುವೇ ಬಡಗಿಯ ಮಗ. ಕೆಲಸದವರ ಬೆರಳು ನೋಡದ ಭಕ್ತಿಯನ್ನು ಆತ ಏನು ಮಾಡಿಕೊಳ್ಳುತ್ತಾನೆ?

ಆ ಭಾನುವಾರ ಸೂಚನೆಗಳನ್ನು ಓದುವ ಸರದಿ ಬಂತು. ಹೊಲಿಗೆ ತರಗತಿ, ಗಾಯನ ತಂಡದ ಅಭ್ಯಾಸ, ಎಲ್ಲ ಓದಿದೆ. ಆಮೇಲೆ ಹಾಜರಿ ಪುಸ್ತಕ ತೆರೆದು, ಕಾರಣ ತಿಳಿಸದವರ ಹೆಸರು ತೆಗೆಯಬೇಕೆಂಬುದು ನಿಯಮ, ಈ ಸಹೋದರಿಯ ಕಾರಣ ನನಗೆ ತಿಳಿದಿದೆ ಎಂದೆ. "ಆರು ತಿಂಗಳಿಂದ ಭಾನುವಾರಗಳಂದು ಈಕೆ ನಮ್ಮ ಹಿರಿಯ ಸದಸ್ಯರ ಫಿಲೇಚರಿನಲ್ಲಿ ಅವರ ಅಪ್ಪಣೆಯಂತೆ ಕೆಲಸದಲ್ಲಿದ್ದಾರೆ." ಮೊದಲ ಸಾಲಿನಲ್ಲಿ ಅವನು ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

ವಾರದೊಳಗೆ ನೋಟೀಸು ವಾಪಸಾಯಿತು. ಅವಳಿಗೆ ಭಾನುವಾರ ಬೆಳಗ್ಗೆ ಬಿಡುವು ಸಿಕ್ಕಿತು. ಪ್ರಕಟಣೆಯನ್ನು ಮೂರು ವಾರ ಅಯ್ಯನವರೇ ಓದಿದರು, ಮದುವೆಗೆ ಯಾರ ಆಕ್ಷೇಪಣೆಯೂ ಬರಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎದುರು ಮನೆಯವರಿಗೂ ಹೇಳಿಕೊಂಡು ಬಂದೆ.

ಮುಂದಿನ ಪ್ರಭು ಭೋಜನಕ್ಕೆ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ಕೊನೆಯ ಬೆಂಚಿನಲ್ಲಿ ಕೂತಳು. ನಾನು ಎದ್ದುಹೋಗಿ ಪಕ್ಕದಲ್ಲಿ ಕೂತೆ. ಮಾಲೀಕ ಎಂದಿನಂತೆ ಆಜ್ಞೆಗಳನ್ನು ಓದಿದ. ವಿಶ್ರಾಂತಿಯ ದಿನ ನೀನೂ ಕೆಲಸ ಮಾಡಬೇಡ, ಆಳಿನಿಂದಲೂ ಮಾಡಿಸಬೇಡ, ಎತ್ತಿಗೂ ನಿನ್ನ ಊರಿನಲ್ಲಿರುವ ಪರದೇಶಿಗೂ ಬಿಡುವಿರಲಿ ಎಂಬುದು ಬಂತು. ದನಿ ಒಂದಿಷ್ಟೂ ತೊದಲಲಿಲ್ಲ.

ನಾವಿಬ್ಬರೂ ಮುಂದೆ ಹೋಗಿ ಮಂಡಿಯೂರಿದೆವು. ಅವಳು ಎರಡೂ ಕೈ ಚಾಚಿದಳು. ಅಯ್ಯನವರು ಆ ಬಿಳುಚಿದ ಅಂಗೈಯ ಮೇಲೆ ರೊಟ್ಟಿಯ ತುಂಡಿಟ್ಟರು. ಬೆಂಚಿಗೆ ಮರಳಿದ ಮೇಲೆ ಅವಳು ಕೂರಲಿಲ್ಲ, ಚಪ್ಪಲಿ ಹುಡುಕತೊಡಗಿದಳು. ಆಶೀರ್ವಾದ ಮುಗಿಯಲಿ ಇರು ಎಂದೆ.

"ನನ್ ತೊಟ್ಟೀನೂ ಆಪಾನೇ ನೋಡ್ಕೊಂತಾ ಅವ್ಳೆ ಟೀಚರಮ್ಮಾ. ಎರಡು ತೊಟ್ಟಿ, ಎರಡು ಕೈ. ನಾನು ಕೇಳಿದ್ದು ಎಲ್ಲಾರಿಗೂ ಒಂದಿನ. ನೀವು ನನಗೊಬ್ಬಳಿಗೆ ತಂದ್ಕೊಟ್ರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ಅವಳು ಹೇಳಿದ್ದ ಮಾತು ಆಗ ನೆನಪಾಯಿತು. ನಾನು ಕೇಳಿದ್ದು ನಮ್ಮ ಪುಸ್ತಕದಲ್ಲಿದ್ದ ಹೆಸರಿಗಷ್ಟೇ. ಮೊದಲ ಸಾಲಿನಲ್ಲಿ ಕೂತವನಿಗೂ ನನಗೂ ಅಷ್ಟರಮಟ್ಟಿಗೆ ವ್ಯತ್ಯಾಸವಿರಲಿಲ್ಲ.

ಅಯ್ಯನವರು ಕೈಯೆತ್ತಿ ಸಮಾಧಾನದಿಂದ ಹೋಗಿ ಎನ್ನುವ ಹೊತ್ತಿಗೆ ಅವಳು ಬಸ್ ಸ್ಟ್ಯಾಂಡ್ ದಾಟಿದ್ದಳು. ನಾನು ಹಾಜರಿ ಪುಸ್ತಕ ತೆಗೆದು ಅವಳ ಹೆಸರಿನ ಮುಂದೆ ಗುರುತು ಹಾಕಿದೆ. ಅವಳ ಬದಲು ಬೆರಳು ಬೇಯಿಸಿಕೊಂಡವಳ ಹೆಸರು ಬರೆಯೋಣವೆಂದು ಪೆನ್ನು ಹಿಡಿದು ಕೂತೆ. ಆಪಾ ಎನ್ನುವುದನ್ನು ಬಿಟ್ಟರೆ ಅವಳ ಹೆಸರೇ ನನಗೆ ಗೊತ್ತಿರಲಿಲ್ಲ.