ಹಿಟ್ಟಿನ ಕೋಣೆಯ ಮೇಲ್ಮನವಿ

ಎಂಬತ್ತರ ದಶಕದ ನಡುವಿನ ವಾರಾಂತ್ಯಗಳನ್ನೆಲ್ಲ ಫ್ರೀಮಾಂಟಿನ ಅಕ್ಕನ ಮನೆಯಲ್ಲೇ ಕಳೆದೆ ಅಂದುಕೊಂಡಿದ್ದೇನೆ. ಎಲ್ಲವನ್ನೂ ಅಲ್ಲದಿರಬಹುದು. ಅಕ್ಕ ಹಿಂದಿನ ಕೋಣೆಯಲ್ಲಿ ದೋಸೆಹಿಟ್ಟು ರುಬ್ಬಿ, ಡಬ್ಬಿಗಳಿಗೆ ತುಂಬಿ, ಪರಿಚಯದ ಮನೆಗಳಿಗೆ ಮಾರುತ್ತಿದ್ದಳು. ಆ ಪರದೇಶದಲ್ಲಿ ಅವಳ ಸ್ವಂತದ್ದು ಅಂತ ಇದ್ದದ್ದು ಅದೊಂದೇ.

ಅದು ವ್ಯಾಪಾರದ ಕೋಣೆಯೆಂದು ಅಕ್ಕ, ಭಾವ ತೆರಿಗೆಯಲ್ಲಿ ವಿನಾಯಿತಿ ಕೇಳಿದ್ದರು. ನೋಡಲು ಬಂದ ಅಧಿಕಾರಿ ಗ್ರೈಂಡರಿನ ಮೇಲಿದ್ದ ಗಣಪತಿ ಪಟ, ದೀಪ ಕಂಡು, ಇಲ್ಲಿ ಪೂಜೆಯೂ ನಡೆಯುತ್ತದೆ, ಕೋಣೆ ವ್ಯಾಪಾರಕ್ಕಷ್ಟೇ ಮೀಸಲಲ್ಲ ಎಂದು ವಿನಾಯಿತಿ ತಳ್ಳಿಹಾಕಿದ. ದೇವರಿಗೆ ದೀಪ ಹಚ್ಚದೆ ಕೆಲಸ ಶುರು ಮಾಡಬಹುದೆಂಬುದು ಅಕ್ಕನಿಗೆ ಹೊಳೆದೇ ಇರಲಿಲ್ಲ.

ಮೇಲ್ಮನವಿ ಹಾಕಿದರು. ಇಂಥದ್ದೇ ಪ್ರಶ್ನೆಯ ಇನ್ಯಾರದೋ ಮೊಕದ್ದಮೆ ಮೇಲಿನ ಕೋರ್ಟಿನಲ್ಲಿದೆ, ಅದರ ತೀರ್ಪು ಬರುವ ತನಕ ನಮ್ಮದನ್ನು ಮುಂದೂಡಿದ್ದಾರೆ ಎಂದು ಲಾಯರು ವಿವರಿಸಿದ. ಕೆಲಸ ಎಂದಿನಂತೆ ನಡೆಸಿ ಎಂದೂ ಹೇಳಿದ. ನಾನು ಅಲ್ಲೇ ಕೂತಿದ್ದೆ. ಆ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ.

ಮನೆಗೆ ಮರಳುವಾಗ ಕಾರು ಫ್ರೀವೇ ಸೇರುತ್ತಿದ್ದಂತೆ ಭಾವ ಹೇಳಿದರು, “ಕೇಸು ಮುಗಿಯೋವರೆಗೂ ಆ ರೂಮಿಗೆ ಬೀಗ.”

“ಲಾಯರು ನಡೆಸಿ ಅಂದ್ರಲ್ರೀ?”

“ಲಾಯರ್ ಹೆಂಡ್ತಿ ಹಿಟ್ಟು ಮಾರ್ತಾಳೇನೆ? ನಮ್ಮೋರು ಆಫೀಸಲ್ಲಿ ನನ್ನನ್ನ ಹಿಟ್ಟಿನ ಇಂಜಿನಿಯರ್ ಅಂತಾರೆ.”

ಅಂದೇ ಬೀಗ ಬಿತ್ತು. ಪಾರ್ಟಿಗೆ ಬಂದವರು ಹಿಟ್ಟು ಕೇಳಿದರೆ ಭಾವನ ಉತ್ತರ ಸಿದ್ಧವಿರುತ್ತಿತ್ತು: “ಇವಳ ದೋಸೆ ಕೋರ್ಟಲ್ಲಿದೆ ಕಣ್ರೀ. ಜಡ್ಜು ಮಗುಚಿ ಹಾಕೋವರೆಗೂ ಕಾಯ್ಬೇಕು.” ಎಲ್ಲರೂ ನಗುತ್ತಿದ್ದರು. ನನ್ನ ನೆನಪಿನಲ್ಲಿ ಅಕ್ಕನೂ ನಗುತ್ತಾಳೆ. ಸಹಿಸಲಾಗದೆ ಆ ನಗುವನ್ನು ನಾನೇ ಆಮೇಲೆ ಸೇರಿಸಿರಬಹುದು.

ಕೆಲವು ವರ್ಷಗಳ ನಂತರ ಆ ಇನ್ನೊಂದು ಮೊಕದ್ದಮೆ ಹೂಡಿದವರು ಗೆದ್ದರು. ಆ ತೀರ್ಪಿನ ಆಧಾರದ ಮೇಲೆ ನಮ್ಮ ಮನವಿಯೂ ಪುರಸ್ಕೃತವಾಯಿತು. ಭಾವ ಬೀಗ ತೆಗೆದು, ಫೋನು ಹಿಡಿದು ಸ್ನೇಹಿತರಿಗೆಲ್ಲ, “ಗೆದ್ವಿ ಕಣ್ರೀ! ಹೆಂಡ್ತಿಗೋಸ್ಕರ ಕೋರ್ಟಿನವರೆಗೂ ಹೋದೆ!” ಎಂದರು.

ಅಕ್ಕ ಗ್ರೈಂಡರು ತೊಳೆದು, ದೀಪ ಹಚ್ಚಿ, ಹಳೆಯ ಗಿರಾಕಿಗಳಿಗೆ ಫೋನು ಮಾಡತೊಡಗಿದಳು. ಮೊದಲನೆಯಾಕೆಯ ದನಿ ನನಗೂ ಕೇಳಿಸಿತು: “ಅಯ್ಯೋ, ಈಗ ಗ್ರೋಸರೀಲೇ ಸಿಗುತ್ತಲ್ಲಮ್ಮಾ.” ಎರಡನೆಯವರು ಊರು ಬಿಟ್ಟಿದ್ದರು. ಮೂರನೆಯಾಕೆ, “ಬಿಟ್ಬಿಟ್ರಿ ಅಂತ ನಿಮ್ಮ ಯಜಮಾನ್ರೇ ಹೇಳಿದ್ರಲ್ಲಾ?” ಎಂದಳು.

ಅಕ್ಕ ತಿರುಗಿ ಭಾವನನ್ನು ನೋಡಿದಳು.

“ನನ್ನೇನು ನೋಡ್ತೀಯಾ? ತಡ ಮಾಡಿದ್ದು ಕೋರ್ಟು,” ಎಂದರು ಭಾವ. “ಸಾಕು, ಲೈನು ಬಿಡು. ಗೆದ್ದಿದ್ದು ಇನ್ನೂ ಇಬ್ಬರಿಗೆ ಹೇಳ್ಬೇಕು.”

ಅಕ್ಕ ರಿಸೀವರನ್ನು ಅವರ ಕೈಗೆ ಕೊಟ್ಟಳು.