ಹರಿದ ಅಂಚಿನ ಕುಂಚಿಗೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಕಣ್ಣು ಸರಿಯಿಲ್ಲ ಎಂದು ಒಮ್ಮೆ, ಹಬ್ಬ ಮುಗಿಯಲಿ ಎಂದು ಇನ್ನೊಮ್ಮೆ ನೆಪ ಹೇಳಿಕೊಂಡೆ. ಈಗ ನನಗೆ ಎಪ್ಪತ್ತಮೂರು ವರ್ಷ. ನೆಪಗಳೂ ಮುಗಿದಿವೆ.

ಕೊರೋನಾ ಮುಗಿದು, ಜನ ಮತ್ತೆ ಮದುವೆ, ತೊಟ್ಟಿಲು ಎಂದು ಸೇರತೊಡಗಿದ ವರ್ಷದ ಮಾತು. ಉಮರ್ಗಾದ ಹಳೆಯ ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಅಪ್ಪ ತೆರೆದದ್ದು. ಮ್ಯಾಟ್ರಿಕ್ ಮುಗಿಸಿ ಗಾದಿಯ ಮೇಲೆ ಕುಳಿತವನು ನಾನು ಮತ್ತೆ ಎದ್ದಿಲ್ಲ. ನಮ್ಮ ಓಣಿಯಲ್ಲೇ ಕಿರಾಣಿ ವ್ಯಾಪಾರದ ಅಣ್ಣತಮ್ಮಂದಿರ ಮನೆಯಿತ್ತು. ಹಿರಿಯ ಸೊಸೆ ಗುಂಜೋಟಿಯವಳು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಹಿಂದಿನ ವರ್ಷ ಬಂದ ಕಿರಿಯ ಸೊಸೆ ಆಗ ತುಂಬಿದ ಬಸುರಿ.

ಆ ಹಿರಿಯ ಸೊಸೆ ಹುಟ್ಟಲಿರುವ ಕೂಸಿಗೆಂದು ಹೊಲಿಗೆ ಕಲಿಯತೊಡಗಿದಳು. ತಾಯಿಯ ಹಳೆಯ ಮಷೀನನ್ನು ತವರಿನಿಂದ ತರಿಸಿಕೊಂಡಿದ್ದಳು. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಅದರ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಸ್ವಲ್ಪ ಓಡುವುದು, ದಾರ ಹರಿದು ನಿಲ್ಲುವುದು, ಮತ್ತೆ ಓಡುವುದು. ದಾರಕ್ಕೆ, ಲಾಡಿಗೆ, ಸೂಜಿಗೆ ಎಂದು ವಾರಕ್ಕೆ ಎರಡು ಸಲ ನಮ್ಮ ಅಂಗಡಿಗೆ ಬರುತ್ತಿದ್ದಳು. ಬಂದಾಗ ಹೊಲಿದದ್ದನ್ನು ಸೆರಗಿನಿಂದ ತೆಗೆದು ತೋರಿಸುತ್ತಿದ್ದಳು.

"ಈ ಝಬಲಾಕ್ಕ ಏನಾಗ್ಯದ ನೋಡ್ರಿ ಕಾಕಾ. ಕುತ್ತಿಗಿ ಸಣ್ಣ ಆಗಿ ಕೂಸಿನ ತಲೀನೇ ಹೋಗಂಗಿಲ್ಲ. ನಮ್ಮನಿ ಬೆಕ್ಕಿಗಿ ಹಾಕಿ ನೋಡ್ದೆ, ಅದೂ ಒಲ್ಲೆ ಅಂತು."

"ಬೆಕ್ಕಿನ ಅಳತಿ ತಗೊಂಡು ಹೊಲದೀಯೇನವ್ವ?" ಎಂದೆ ನಾನು.

ಬಾಯಿಗೆ ಸೆರಗು ಹಿಡಿದು ನಕ್ಕಳು. ಇನ್ನೊಂದು ದಿನ ಒಂದು ತುಂಡು ಬಟ್ಟೆ ತಂದಳು. ಅದರ ಮೇಲೆ ಬರೀ ಹೊಲಿಗೆಯ ಗೆರೆಗಳು. "ಇವತ್ತ ಹನ್ನೊಂದು ಗೆರಿ ಹಾಕ್ದೆ ಕಾಕಾ. ಕಡೀದು ನೆಟ್ಟಗ ಬಂದದ." ಆ ಒಂದು ಗೆರೆಯನ್ನು ಅವಳು ಬೆರಳಿನಿಂದ ಸವರಿ ತೋರಿಸಿದ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆರು ವರ್ಷದಲ್ಲಿ ಅವಳ ಮುಖದ ಮೇಲೆ ಅಂಥದ್ದನ್ನು ನಾನು ಕಂಡಿರಲಿಲ್ಲ.

ಇಲ್ಲಿ ನಮ್ಮ ವ್ಯಾಪಾರದ ಒಂದು ಪದ್ಧತಿ ಹೇಳಬೇಕು. ನಮ್ಮ ಪೇಟೆಯ ಅಂಗಡಿಗಳಲ್ಲಿ ಎಲ್ಲ ಬಟ್ಟೆಯನ್ನೂ ಕತ್ತರಿಯಿಂದ ಕತ್ತರಿಸುತ್ತೇವೆ. ಮಯ್ತಕ್ಕೆ, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆಗೆ ಮಾತ್ರ ಕತ್ತರಿ ಮುಟ್ಟಿಸುವುದಿಲ್ಲ. ಕೈಯಿಂದ ಹರಿದು ಕೊಡುತ್ತೇವೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಬೇರೆಯವರಿಗೆ ಮಾರುವುದಿಲ್ಲ. ಈ ಮಾತು ಪೇಟೆಯ ಹಳಬರಿಗೆಲ್ಲ ಗೊತ್ತು.

ಆ ದಿನಗಳಲ್ಲಿ ಒಂದು ದೊಡ್ಡ ಮನೆಯ ಯಜಮಾನರು ತೀರಿಕೊಂಡರು. ನಯವಾದ ಬಟ್ಟೆಯೇ ಬೇಕೆಂದು ಅವರ ಕಡೆಯವರು ಕೇಳಿದ್ದರಿಂದ ಬಿಳಿ ಮಲಮಲ್ ಹರಿದೆ. ಅಷ್ಟರಲ್ಲಿ ಒಬ್ಬರು ಮೋಟಾರ್ ಸೈಕಲ್ ಮೇಲೆ ಬಂದು, ಅಳಿಯಂದಿರು ಆಗಲೇ ಬಟ್ಟೆ ತಂದಿದ್ದಾರೆ ಎಂದರು. ಹೆಚ್ಚಿನದನ್ನು ಆ ಮನೆಗೆ ಒಯ್ಯಬಾರದೆಂದು ಅವರು ಅದನ್ನು ಅಂಗಡಿಯಲ್ಲೇ ಬಿಟ್ಟು ಹೋದರು. ಹೀಗೆ ಉಳಿದದ್ದನ್ನು ಸ್ಮಶಾನದಲ್ಲಿ ಕುಣಿ ತೋಡುವವನಿಗೆ ಕೊಡುವುದು ರೂಢಿ. ನಾಳೆ ಕೊಟ್ಟರಾಯಿತು ಎಂದು ಗಾದಿಯ ಕೆಳಗೆ ತುರುಕಿದೆ. ಹಲವು ದಿನ ಅಲ್ಲೇ ಬಿದ್ದಿತ್ತು.

ಕಿರಿಯ ಸೊಸೆ ಹೆತ್ತಳು. ಗಂಡು ಮಗು. ಮರುದಿನವೇ ಹಿರಿಯವಳು ಅಂಗಡಿಗೆ ಬಂದಳು. ತನ್ನ ಮದುವೆಯ ಖಣದಲ್ಲಿ ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದಳು. ತಲೆಯಿಂದ ಬೆನ್ನಿನ ಮೇಲೆ ಇಳಿಯುವ ಈ ಕುಂಚಿಗೆಯನ್ನು ನಮ್ಮಲ್ಲಿ ತೊಟ್ಟಿಲ ದಿನ ತೊಡಿಸುತ್ತಾರೆ.

"ಖಣ ಕೂಸಿನ ತಲಿಗಿ ಚುಚ್ಚತದ ಕಾಕಾ. ಒಳಗ ಅಸ್ತರಕ್ಕ ಮೆತ್ತನ ಬಿಳಿ ಅರಿವಿ ಬೇಕಾಗ್ಯದ."

ಮಲಮಲ್ ಥಾನು ಅಟ್ಟದ ಮೇಲಿತ್ತು. ನನಗೆ ಮೊಣಕಾಲು ನೋವು, ಏಣಿ ಹತ್ತುವುದು ಬೇಡವಾಗಿತ್ತು. ಕೈ ಗಾದಿಯ ಕೆಳಗೆ ಹೋಯಿತು. ಅದು ಯಾವ ಬಟ್ಟೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದರಿಂದ ಹರಿದ ಅಂಚಿನ ಕಡೆಯ ಒಂದು ತುಂಡು ಕತ್ತರಿಸಿ ಕೊಟ್ಟೆ.

"ಎಷ್ಟಾತ್ರಿ?"

"ಕೂಸಿನ ಕುಂಚಿಗಿಗಿ ಏನ್ ತಗೊಳೋದವ್ವ? ನನ್ನ ಕಡಿಂದ ಇರ್ಲಿ."

ಅವಳು ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಮಾಡಿಸಿಕೊಂಡೆ.

ಕೆಲವು ದಿನಗಳ ನಂತರ ಮುಗಿದ ಕುಂಚಿಗೆಯನ್ನು ತೋರಿಸಲು ತಂದಳು. ಮೇಲ್ಗಡೆ ಚೆನ್ನಾಗಿಯೇ ಬಂದಿತ್ತು. ಒಳಮಗ್ಗುಲು ತಿರುಗಿಸಿದಳು. ಅಸ್ತರದ ಕೆಳಗಿನ ಅಂಚನ್ನು ಮಡಿಚಿರಲಿಲ್ಲ, ಹಾಗೇ ಇತ್ತು. ಹರಿದ ಎಳೆಗಳು ಕಾಣುತ್ತಿದ್ದವು.

"ನಾ ಕತ್ತರಿ ಹಿಡದ್ರ ಸೊಟ್ಟ ಹೋಗತದ ಕಾಕಾ. ನೀವು ಕೊಟ್ಟ ಅಂಚು ನೆಟ್ಟಗ ಇತ್ತು. ಕೆಡಸಬಾರ್ದಂತ ಹಂಗೇ ಇಟ್ಟೀನಿ. ನಡೀತದಲ್ರಿ?"

ಪಳಗಿದ ದರ್ಜಿಯಾಗಿದ್ದರೆ ಅದನ್ನು ಕತ್ತರಿಸಿ ಒಳಗೆ ಮಡಿಚುತ್ತಿದ್ದ. ಹೊಸದಾಗಿ ಕಲಿತವಳಿಗೆ ಹರಿದ ಅಂಚೇ ಚೆಂದ ಕಂಡಿತ್ತು. ಒಂದು ಬೆರಳು ಮಡಿಚಿ ಹೊಲಿ ಎಂದಿದ್ದರೆ ಸಾಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆಂದು ಅಂಜಿದೆ. "ಛಲೋ ಆಗ್ಯದ" ಎಂದೆ.

ತೊಟ್ಟಿಲ ದಿನ ಗಂಡಸರು ಹೊರಗಿನ ಪಡಸಾಲೆಯಲ್ಲಿ ಕುಳಿತಿದ್ದೆವು. ಒಳಗೆ ಹೆಂಗಸರ ಹಾಡು ನಡೆದಿತ್ತು. ಒಮ್ಮೆಲೇ ಹಾಡು ನಿಂತಿತು. ಆ ಮನೆಯ ಅತ್ತೆಯ ಚಿಕ್ಕಮ್ಮ, ಎಲ್ಲರೂ ದೊಡ್ಡಾಯಿ ಎನ್ನುವ ಮುದುಕಿ, ಕೂಸಿಗೆ ಹೊಲಿಗೆ ಚುಚ್ಚೀತೇ ಎಂದು ಕುಂಚಿಗೆಯನ್ನು ಒಳಮಗ್ಗುಲು ಮಾಡಿ ನೋಡಿದ್ದಳು. ಅದನ್ನು ಹಿಡಿದುಕೊಂಡೇ ಪಡಸಾಲೆಗೆ ಬಂದಳು. ಹಿಂದೆ ಹೆಂಗಸರೆಲ್ಲ ಬಂದರು.

"ಇದು ಕತ್ತರಿ ಕಂಡ ಅರಿವಿ ಅಲ್ಲ, ಹರದದ್ದು. ಹೆಣದ ಅರಿವಿ ಕೂಸಿನ ತಲಿಗಿ ಹಾಕ್ಲಿಕ್ಕಿ ತಂದಾಳ ಈಕಿ. ತನ್ನ ಉಡಿ ಬರಿದದ ಅಂತ ಮಂದಿ ತೊಟ್ಲಾನೂ ಬರಿದ ಆಗಬೇಕೇನು?"

ಹಿರಿಯ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ. "ಕಾಕಾ ಅವ್ರ ಅಂಗಡಿದದ ಆಯಿ," ಎಂದಳು. "ಅವ್ರೇ ಕೊಟ್ಟಾರ. ಕೇಳ್ರಿ ಬೇಕಾರ." ಹೇಳಿ ನನ್ನ ಕಡೆ ನೋಡಿದಳು. ಹೆದರಿಕೆಯೇ ಇರಲಿಲ್ಲ ಆ ನೋಟದಲ್ಲಿ. ನಾನು ಹೌದು ಎನ್ನುತ್ತೇನೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು.

ಅವಳ ಗಂಡ ಕೇಳಿದ, "ಹೌದೇನ್ರಿ ಕಾಕಾ? ನಿಮ್ಮಂಗಡಿದೇನ್ರಿ ಇದು?"

ಪಡಸಾಲೆಯಲ್ಲಿ ಅರ್ಧ ಪೇಟೆ ಕುಳಿತಿತ್ತು. ಮಯ್ತದ ಬಟ್ಟೆಯನ್ನು ಬಾಣಂತಿ ಮನೆಗೆ ಕೊಟ್ಟವನು ಎಂದರೆ ನಾಳೆಯಿಂದ ನನ್ನ ಮೆಟ್ಟಿಲು ಯಾರು ಹತ್ತುತ್ತಾರೆ ಎಂಬುದೊಂದೇ ತಲೆಗೆ ಬಂದದ್ದು.

"ನಾ ಕೊಟ್ಟದ್ದು ಕತ್ತರಿಸಿದ ಅರಿವಿ," ಎಂದೆ. "ಇದು ನಂದಲ್ಲ."

ಅವಳು ಅಳಲಿಲ್ಲ. "ಕಾಕಾ..." ಎಂದಳು, ಅಷ್ಟೇ. ಕೇಳಿದ್ದು ಸರಿಯೋ ಅಲ್ಲವೋ ಎಂಬಂತೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಯಾರೋ ಅವಳ ರಟ್ಟೆ ಹಿಡಿದು ಒಳಗೆ ಎಳೆದರು.

ಅದೇ ವಾರ ಕೂಸಿಗೆ ಜ್ವರ ಬಂತು. ಎರಡು ದಿನದಲ್ಲಿ ಇಳಿಯಿತು. ಆದರೆ ಜ್ವರ ಬಂದದ್ದೇ ಸಾಕಾಯಿತು. ಹೊಲಿಗೆ ಮಷೀನು ಹೊರಗಿನ ಕಟ್ಟೆಗೆ ಬಂತು. ನಾಲ್ಕು ದಿನ ತವರಲ್ಲಿ ಇದ್ದು ಬಾ ಎಂದು ಅವಳನ್ನು ಗುಂಜೋಟಿಗೆ ಬಿಟ್ಟು ಬಂದರು. ಮತ್ತೆ ಕರೆಯಲಿಲ್ಲ. ಹಿರಿಯರು ಕೂತು ಸೋಡಚೀಟಿ, ಅಂದರೆ ಗಂಡಹೆಂಡಿರ ಸಂಬಂಧ ಬಿಟ್ಟ ಪತ್ರ, ಬರೆಸಿದರು. ಗಂಡನಿಗೆ ನಿಲಂಗಾ ಕಡೆಯ ಹೆಣ್ಣು ತಂದರು. ಆ ಮದುವೆಗೂ ಬಟ್ಟೆ ನಮ್ಮ ಅಂಗಡಿಯಿಂದಲೇ ಹೋಯಿತು.

ಕೂಸು ಈಗ ದೊಡ್ಡದಾಗಿದೆ, ಓಣಿಯಲ್ಲಿ ಓಡಾಡುತ್ತದೆ. ಆ ಬಟ್ಟೆ ಅದಕ್ಕೆ ಏನೂ ಮಾಡಲಿಲ್ಲ. ಕೆಡಿಸಿದ್ದು ನಾನು ಆಡಿದ ಎರಡು ಮಾತು.

ಹೋದ ತಿಂಗಳು ಅವಳ ಗಂಡನಾಗಿದ್ದವನನ್ನು ಅಂಗಡಿಗೆ ಕರೆದು ಎಲ್ಲ ಹೇಳಿದೆ. ಏಣಿ, ಗಾದಿ, ಮಲಮಲ್, ಯಾವುದನ್ನೂ ಬಿಡಲಿಲ್ಲ.

"ಆಕಿಗಿ ಹೇಳೀರೇನು?" ಎಂದ.

"ಇಲ್ಲಪ್ಪ. ಮೂರು ಸಲ ಬಸ್ ಸ್ಟ್ಯಾಂಡಿಗಿ ಹೋಗಿ ತಿರುಗಿ ಬಂದೀನಿ."

"ಮತ್ತ ನನಗ್ಯಾಕ ಹೇಳಿದ್ರಿ? ನನ್ನ ಮನ್ಯಾಗ ಈಗ ಇನ್ನೊಬ್ಬಾಕಿ ಇದ್ದಾಳ. ನಾ ಏನ್ ಮಾಡ್ಲಿ ಇದನ್ನ ಕೇಳಿ?"

ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಆಗಿನಿಂದ ನಮ್ಮ ಅಂಗಡಿಯ ಮುಂದೆ ಹಾಯುವುದಿಲ್ಲ, ಹಿಂದಿನ ಓಣಿ ಹಿಡಿಯುತ್ತಾನೆ.

ಗುಂಜೋಟಿ ಇಲ್ಲಿಂದ ದೂರವೇನಲ್ಲ. ಅವಳು ತಾಯಿಯೊಂದಿಗೆ ಇದ್ದಾಳೆ, ಮಂದಿಯ ಹೊಲಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಮಷೀನನ್ನು ಮಾರಿದಳು ಎಂದು ಆ ಊರಿನ ಗಿರಾಕಿಗಳು ಹೇಳುತ್ತಾರೆ. ಏಣಿ ಹತ್ತಲು ಮೊಣಕಾಲು ನೋವೆಂದು ಶುರುವಾದದ್ದು ಇದು. ಈಗ ಬಸ್ಸಿನ ಮೆಟ್ಟಿಲು ಹತ್ತಲು ಆಗದ್ದಕ್ಕೆ ಮೊಣಕಾಲು ಕಾರಣವಲ್ಲ. ಅವಳು ಬಾಗಿಲು ತೆರೆದು ಮತ್ತೆ "ಕಾಕಾ" ಎಂದರೆ ಏನು ಮಾಡಲಿ ಎಂದು ಹೆದರಿಕೆ.

ನಮ್ಮ ಓಣಿಯಲ್ಲಿ ಅವಳ ಮಾತು ಬಂದರೆ ಜನ ಇಂದಿಗೂ "ಆ ಹೆಣದ ಅರಿವಿಯಾಕಿ" ಎನ್ನುತ್ತಾರೆ. ಆ ಹೆಸರು ನಾನು ಕೊಟ್ಟದ್ದು. ಅವಳ ತಾಯಿ ತಂದೆ ಇಟ್ಟ ಹೆಸರು ಶಕುಂತಲಾ.