ಪಾಲಿಶ್ ಸೆಕ್ಷನ್ನಿಗೆ ಹೋಗಿ ಬಂದ ಕಬ್ಬಾಳಮ್ಮ

ನಮ್ಮ ಮನೆಯಲ್ಲಿ ಅಪ್ಪನನ್ನು ಬೈಯುವ ಧೈರ್ಯ ಯಾರಿಗೂ ಇರಲಿಲ್ಲ. ದೇವರನ್ನು ಬೈಯಲು ಧೈರ್ಯವೇ ಬೇಕಿರಲಿಲ್ಲ. ಹಾಗಾಗಿ ಅವ್ವ ಪ್ರತಿ ಗುರುವಾರ ಸಂಜೆ ಹಿತ್ತಿಲಲ್ಲಿ ದೇವರ ಸಾಮಾನು ಬೆಳಗಲು ಕೂತಾಗ, ಅಂಗೈಯುದ್ದದ ಹಿತ್ತಾಳೆ ಕಬ್ಬಾಳಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾ, ವಾರದ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿಕೊಳ್ಳುತ್ತಿದ್ದಳು.

"ರೇಷ್ಮೆಹುಳ ಹಣ್ಣಾಗೋ ಹೊತ್ಗೇ ರೋಗ ತಂದ್ಯಲ್ಲೇ, ನಿನ್ ಕಣ್ ಇಂಗೋಗ! ಮಗಳನ್ನ ನೋಡ್ಕಂಡೋದೋರು ಇನ್ನೂ ಬಾಯೇ ಬುಟ್ಟಿಲ್ಲ. ನೀನೇನು ಗುಡೀಲಿ ಕೂತ್ಕಂಡು ನಿದ್ದೆ ಹೊಡೀತಿದ್ದೀಯಾ?"

ದೇವಿಯ ನಾಲ್ಕು ಕೈಗಳಿಗೆ ಶಾಸ್ತ್ರ ಬಲ್ಲವರು ಏನು ಅರ್ಥ ಹೇಳುತ್ತಾರೋ ನನಗೆ ಗೊತ್ತಿಲ್ಲ. ಅವ್ವನ ಪ್ರಕಾರ ತ್ರಿಶೂಲ ಇದ್ದದ್ದು ನಮ್ಮ ಬದು ಒತ್ತುವ ಪಕ್ಕದ ಹೊಲದವನಿಗೆ, ಕತ್ತಿ ಸುಳ್ಳು ಹೇಳುವ ನನಗೆ, ಡಮರು ಬೆಳಗ್ಗೆ ಏಳದ ತಂಗಿಗೆ. ಬಟ್ಟಲು ಮಾತ್ರ ಸ್ವಂತಕ್ಕೆ. "ಅವ್ಳೂ ನನ್ನಂಗೇಯ, ಎಲ್ರಿಗೂ ಬಡ್ಸಿ ಉಳಿದಿದ್ ಉಣ್ಣೋಳು" ಎನ್ನುತ್ತಿದ್ದಳು.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದರ ಹಿಂದೊಂದು ಶೆಡ್ಡು ಏಳುತ್ತಿದ್ದ ಕಾಲ ಅದು. ನನಗೆ ನಲ್ಲಿ ತಯಾರಿಸುವ ಒಂದು ಫ್ಯಾಕ್ಟರಿಯ ಪಾಲಿಶ್ ಸೆಕ್ಷನ್ನಿನಲ್ಲಿ ಕೆಲಸ ಸಿಕ್ಕಿತ್ತು. ತಿರುಗುವ ಬಟ್ಟೆ ಚಕ್ರಕ್ಕೆ ಹಿತ್ತಾಳೆ ಒತ್ತಿ ಹಿಡಿದರೆ ಎರಡೇ ನಿಮಿಷದಲ್ಲಿ ಕನ್ನಡಿ. ಹುಣಸೆ ಹುಳಿಗೆ ಅವ್ವನ ಬೆರಳು ಬಿರಿಯುವುದನ್ನು ನೋಡಿ ಕನಿಕರ ಇತ್ತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ಕೈಚಳಕ ತೋರಿಸುವ ಚಪಲವಿತ್ತು. ಒಂದು ಗುರುವಾರ ಯಾರಿಗೂ ಹೇಳದೆ ಊಟದ ಡಬ್ಬಿಯ ಕೆಳಗಿನ ಗಿಣ್ಣಲಿಗೆ ಮುದ್ದೆ, ಮೇಲಿನದಕ್ಕೆ ದೇವಿಯನ್ನು ತುಂಬಿಕೊಂಡು ಬಸ್ಸು ಹತ್ತಿದೆ. ಅವಳನ್ನು ಮೇಲೆ ಇಟ್ಟೆನಲ್ಲ, ಅಷ್ಟು ಭಕ್ತಿ ನನ್ನಲ್ಲೂ ಇತ್ತು.

ಊಟದ ಬಿಡುವಿನಲ್ಲಿ ಕೆಲಸ ಮುಗಿಸಿದೆ. ಸೊಂಟ ಹೊಳೆಯಿತು, ಕಿರೀಟ ಹೊಳೆಯಿತು, ಇನ್ನೂ ಒಸಿ ಇರಲಿ ಎಂದು ಮತ್ತೆ ಮತ್ತೆ ಒತ್ತಿದೆ. ಹೊಳಪು ನೋಡಿದವನಿಗೆ ಬೇರೇನೂ ಕಾಣಲಿಲ್ಲ.

ಸಂಜೆ ಗೇಟಿನಲ್ಲಿ ವಾಚ್‌ಮನ್ನು ಎಂದಿನಂತೆ ಡಬ್ಬಿ ಬಿಚ್ಚಿಸಿದ. ಬೈರಾಪಟ್ಟಣದ ಕಡೆಯವನು, ಅನುಮಾನದ ಮನುಷ್ಯ.

"ಏನ್ಲಾ ಇದು?"

"ನಮ್ಮನೆ ದೇವ್ರು ಕಣಣ್ಣ. ಕಬ್ಬಾಳಮ್ಮ."

ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ವರ್ಸಾ ವರ್ಸಾ ಕಬ್ಬಾಳಿಗೆ ಹೋಗ್ಬತ್ತೀನಿ, ನಂಗೇ ಕತೆ ಹೇಳ್ತೀಯಾ? ಇದ್ರಲ್ಲಿ ಕಣ್ಣೆಲ್ಲೈತೆ, ಮೂಗೆಲ್ಲೈತೆ? ನಲ್ಲಿ ತಿರುಪು ಕದ್ಕಂಡು ಹೋಗ್ತಾ ಇದ್ದೀಯ!"

ಆಗಲೇ ನಾನು ಸರಿಯಾಗಿ ನೋಡಿದ್ದು. ಮುಖ ಕೋಳಿಮೊಟ್ಟೆಯಂತೆ ನುಣ್ಣಗಾಗಿತ್ತು. ತ್ರಿಶೂಲ ಸೌಟಾಗಿತ್ತು. ಕೊನೆಗೆ ನನ್ನನ್ನು ಕಳ್ಳತನದ ಆರೋಪದಿಂದ ಪಾರು ಮಾಡಿದ್ದು ಪೀಠದ ಅಡಿಯಲ್ಲಿ ನಾನು ಪಾಲಿಶ್ ಮಾಡದೆ ಬಿಟ್ಟಿದ್ದ ಕುಂಕುಮದ ಜಿಡ್ಡು. ಅದನ್ನು ಉಗುರಲ್ಲಿ ಕೆರೆದು ಮೂಸಿದವನೇ ವಾಚ್‌ಮನ್ನು ಚಪ್ಪಲಿ ಬಿಟ್ಟು ಕೆನ್ನೆ ಬಡಿದುಕೊಂಡ. ಆಮೇಲೆ ನನಗೂ ಒಂದು ಬಡಿದ.

ಮನೆಯಲ್ಲಿ ದೇವರು ಕಳುವಾಯಿತೆಂದು ಗೋಳೆದ್ದಿತ್ತು. ಅವ್ವ ವಿಗ್ರಹವನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಮುಖ ಸವರಿದಳು. ಪಕ್ಕದ ಮನೆಯ ಹೆಂಗಸು ಇಣುಕಿ, "ಭಿನ್ನ ಆಗೋಗೈತೆ ಕಣಕ್ಕ, ಇನ್ ಪೂಜೆಗ್ ಬರಾಕಿಲ್ಲ. ಹೊಳೆಗ್ ಬುಟ್ಬುಡು" ಎಂದಳು.

"ನಿಮ್ಮತ್ತೆಗೆ ಲಕ್ವಾ ಹೊಡ್ದು ಮೂತಿ ಸೊಟ್ಟಗಾಯ್ತಲ್ಲ, ಹೊಳೆಗ್ ಬುಟ್ಯಾ?" ಎಂದು ಕೇಳಿದ ಅವ್ವ ದೇವಿಯನ್ನು ಒಳಗೆ ಒಯ್ದು ಗೂಡಿನಲ್ಲಿ ಕೂರಿಸಿ ದೀಪ ಹಚ್ಚಿದಳು. ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನು ಎರಡು ಮುದ್ದೆ ಉಂಡೆ.

ಮುಂದಿನ ಗುರುವಾರ ಅವ್ವ ದೇವಿಯನ್ನು ತಿಕ್ಕಿದಳು, ತೊಳೆದಳು, ಒರೆಸಿದಳು. ಒಂದು ಮಾತಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಂಗಿಯನ್ನು ನೋಡಿಹೋದವರು ಬೇಡವೆಂದು ಹೇಳಿ ಕಳಿಸಿದರು, ಅಪ್ಪ ಅದಕ್ಕೂ ಅವ್ವನನ್ನೇ ಹೊಣೆ ಮಾಡಿದ. ಆ ಗುರುವಾರ ಖಂಡಿತ ಬೈಗುಳ ಕೇಳುತ್ತದೆಂದು ನಾನು ಹಿತ್ತಿಲ ಬಾಗಿಲಲ್ಲೇ ನಿಂತಿದ್ದೆ. ತಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ನನಗೆ ಹೆದರಿಕೆಯಾಯಿತು.

"ಯಾಕವ್ವಾ, ಬೈತಾನೇ ಇಲ್ಲ?"

"ಯಾರ ಮಕ ನೋಡ್ಕಂಡು ಬೈಯ್ಲಿ?"

ಅವಳ ಎದುರು ಕುಕ್ಕರುಗಾಲಲ್ಲಿ ಕೂತೆ. "ನನ್ನೇ ಬೈಯವ್ವ. ತಪ್ಪು ನಂದೇ ಅಲ್ವಾ."

ಅವ್ವ ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ. "ನಿನ್ನ ಬೈದ್ರೆ ನೀನು ಉತ್ರ ಕೊಡ್ತೀಯ ಕಣ್ಲಾ. ಅವ್ಳು ಸುಮ್ಕೆ ನೋಡೋಳು."

ಅದಕ್ಕೂ ನನ್ನ ಬಾಯಲ್ಲಿ ಒಂದು ಉತ್ತರ ತಯಾರಾಗಿತ್ತು. ನುಂಗಿಕೊಂಡು ಅವ್ವನನ್ನೇ ನೋಡುತ್ತಾ ಕೂತೆ.